ಬಚ್ಚಲ ಗೋಡೆಗೆ ಎಷ್ಟು ಟೈಲ್ಸ್?

ತಂಗಿಯ ಮನೆಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡಾಗ ಮಾತ್ರ ಕಾಣುವ ಒಂದು ಮೂಲೆಯಿದೆ. ಅಲ್ಲಿರುವ ನಾಲ್ಕು ಟೈಲ್ಸ್‌ಗಳ ಬಣ್ಣ ಬೇರೆ. ಕಂಪನಿ ಅದೇ, ಡಿಸೈನ್ ನಂಬರೂ ಅದೇ. ಆದರೆ ಉಳಿದ ಗೋಡೆ ಗಟ್ಟಿ ಹಾಲಿನ ಬಣ್ಣದ್ದಾದರೆ ಈ ನಾಲ್ಕು ನೀರು ಬೆರೆಸಿದ ಹಾಲಿನವು. ಕೆಲಸದ ಕೊನೆಯ ದಿನ ನಾಲ್ಕು ಟೈಲ್ಸ್ ಸಾಲದೆ ಬಂದಿದ್ದವು. ಅಷ್ಟರಲ್ಲಿ ಅಂಗಡಿಯಲ್ಲಿ ಆ ಬ್ಯಾಚು ಮುಗಿದಿತ್ತು. ಹದಿನೈದು ದಿನ ಕಾದ ಮೇಲೆ ಬಂದ ಬಾಕ್ಸಿನಲ್ಲಿ ಇದ್ದದ್ದು ಈ ಬಣ್ಣ. ಎಂಟು ವರ್ಷವಾದರೂ ಆ ಮೂಲೆ ನೋಡಿದಾಗಲೆಲ್ಲ ಅವಳಿಗೆ ಕಸಿವಿಸಿ.

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಬಚ್ಚಲು ಒಡೆಸಲು ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಆ ನಾಲ್ಕು ಟೈಲ್ಸ್. ಅಮ್ಮನಿಗೆ ಎಪ್ಪತ್ತೆಂಟು. ಹಂಡೆಯಿಂದ ನೀರು ಮೊಗೆಯಲು ಬಗ್ಗಲು ಆಗುವುದಿಲ್ಲ, ಬಚ್ಚಲಿನ ಕಡಪ ಕಲ್ಲು ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಒಲೆ ತೆಗೆದು ಗೀಸರ್ ಹಾಕಿ, ಒಂದು ಬದಿಗೆ ಷವರ್, ಕೈಗೆ ಸಿಗುವ ಎತ್ತರದಲ್ಲಿ ಸ್ಟೀಲಿನ ಹಿಡಿಕೆ, ಗೋಡೆಗೆಲ್ಲ ಟೈಲ್ಸ್ ಮಾಡಿಸಬೇಕು ಎಂದು ತೀರ್ಮಾನವಾಯಿತು. ಟೈಲ್ಸ್‌ಗೆ ಶಿವಮೊಗ್ಗಕ್ಕೇ ಹೋಗಬೇಕು. ಅರವತ್ತು ಕಿಲೋಮೀಟರ್ ದಾರಿ. ನಾಲ್ಕು ಕಡಿಮೆ ಬಿದ್ದರೆ ಒಂದು ದಿನ ಹಾಳು, ಗಾಡಿ ಬಾಡಿಗೆ ಹಾಳು, ಅಷ್ಟರಲ್ಲಿ ಮೇಸ್ತ್ರಿ ಇನ್ನೊಂದು ಮನೆಯ ಕೆಲಸ ಹಿಡಿದಿರುತ್ತಾರೆ.

ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಉದ್ದ ಅಗಲ ಎಷ್ಟು ಸಾರ್?” ಏಳಡಿ ಉದ್ದ, ಐದಡಿ ಅಗಲ, ಟೈಲ್ಸ್ ಏಳಡಿ ಎತ್ತರದವರೆಗೆ ಎಂದೆ. ಕ್ಯಾಲ್ಕುಲೇಟರಿನ ಮೇಲೆ ಬೆರಳು ಓಡಿತು. ನಾಲ್ಕು ಗೋಡೆಯ ಸುತ್ತಳತೆ 24 ಅಡಿ, ಎತ್ತರ 7, ಗುಣಿಸಿದರೆ 168 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲಿಗೆ 17.5 ಕಳೆದರು, ವೆಂಟಿಲೇಟರಿಗೆ 3 ಕಳೆದರು. ಉಳಿದದ್ದು 147.5. ಹನ್ನೆರಡು-ಹದಿನೆಂಟರ ಟೈಲ್ ಒಂದೂವರೆ ಚದರಡಿ, ಬಾಕ್ಸಿಗೆ ಆರು, ಹಾಗಾಗಿ ಬಾಕ್ಸಿಗೆ 9 ಚದರಡಿ. “ಹದಿನೇಳು ಬಾಕ್ಸು ಸಾಕು ಸಾರ್, ಉಳಿಯುತ್ತೆ.”

ಲೆಕ್ಕದಲ್ಲಿ ಕೂಡಿಸಿ ಕಳೆದದ್ದೆಲ್ಲ ಸರಿಯಾಗಿಯೇ ಇತ್ತು. ನಾನು ಮುಂಗಡ ಕೊಡದೆ, ಆ ಚೀಟಿ ಹಿಡಿದುಕೊಂಡು ಮನೆಗೆ ಬಂದೆ. ಮರುದಿನ ಮೇಸ್ತ್ರಿ ಚೀಟಿ ನೋಡಿ ಏನೂ ಹೇಳಲಿಲ್ಲ. ಒಲೆಯಿಂದ ಒಂದು ಇದ್ದಿಲು ತುಂಡು ಎತ್ತಿಕೊಂಡು, ಜಗುಲಿಯ ಗೋಡೆ ಮೇಲೆ ನಾಲ್ಕು ಚೌಕ ಬರೆದರು. ಬಚ್ಚಲಿನ ಒಂದೊಂದು ಗೋಡೆಗೆ ಒಂದೊಂದು ಚೌಕ. “ಅಡಿ ಬಿಡಿ ಅಣ್ಣಾ. ಒಂದು ಸಾಲಿಗೆ ಎಷ್ಟು ಕೂರುತ್ತೆ ಹೇಳಿ” ಎಂದರು.

ಟೈಲ್ ಅಡ್ಡಲಾಗಿ ಕೂರಿಸುವುದು: ಉದ್ದ 450 ಮಿಲಿಮೀಟರ್, ಎತ್ತರ 300. ನಡುವೆ 2 ಮಿಲಿಮೀಟರ್ ಸಂದು. ಏಳಡಿ ಎಂದರೆ 2,134 ಮಿಲಿಮೀಟರ್. ಆ ಗೋಡೆಗೆ ನಾಲ್ಕು ಇಡೀ ಟೈಲ್ಸ್ ಕೂತ ಮೇಲೆ 326 ಮಿಲಿಮೀಟರ್ ಜಾಗ ಉಳಿಯುತ್ತದೆ. ಅದಕ್ಕೆ ಐದನೆಯದನ್ನು ಕೊಯ್ಯಬೇಕು. ಕೊಯ್ದ ಮೇಲೆ ಕೈಯಲ್ಲಿ ಉಳಿಯುವುದು ಸುಮಾರು ಆರು ಬೆರಳು ಅಗಲದ ಪಟ್ಟಿ, ಎಲ್ಲಿಗೂ ಆಗುವುದಿಲ್ಲ. ಹಾಗಾಗಿ ಉದ್ದದ ಗೋಡೆಗೆ ಸಾಲಿಗೆ ಐದು, ಎರಡು ಗೋಡೆಗೆ ಹತ್ತು. ಹಿಂದಿನ ಐದಡಿ ಗೋಡೆ 1,524 ಮಿಲಿಮೀಟರ್: ಮೂರು ಇಡೀ ಟೈಲ್ಸ್, ಮೇಲೆ 168ರ ಒಂದು ತುಂಡು. ಒಂದು ಟೈಲ್ ಕೊಯ್ದರೆ ಇಂಥ ಎರಡು ತುಂಡು ಸಿಗುತ್ತವೆ, ಆದ್ದರಿಂದ ಸಾಲಿಗೆ ಮೂರೂವರೆ. ಬಾಗಿಲಿನ ಗೋಡೆಯಲ್ಲಿ ಉಳಿದ ಎರಡೂವರೆ ಅಡಿಗೆ ಒಂದು ಇಡೀ, ಒಂದು ಕೊಯ್ದದ್ದು, ಎರಡು. ಎಲ್ಲ ಸೇರಿ ಸಾಲಿಗೆ ಹದಿನೈದೂವರೆ. ಏಳು ಸಾಲಿಗೆ ನೂರ ಎಂಟೂವರೆ. ಅರ್ಧ ಟೈಲ್ ಯಾರೂ ಕೊಡುವುದಿಲ್ಲ, 109.

ಅಂಗಡಿಯ ಹದಿನೇಳು ಬಾಕ್ಸಿನಲ್ಲಿ ಇರುವುದು 102. ಒಂದೇ ಒಂದು ಟೈಲ್ ಒಡೆಯದಿದ್ದರೂ ಏಳು ಕಡಿಮೆ.

ಚದರಡಿ ಲೆಕ್ಕ ಟೈಲ್ಸನ್ನು ನೀರು ಅಥವಾ ಸುಣ್ಣ ಎಂದು ತಿಳಿಯುತ್ತದೆ, ಎಲ್ಲಿ ಹೊಯ್ದರೂ ಹರಡಿ ಕೂರುತ್ತದೆ ಅನ್ನುವ ಹಾಗೆ. ಟೈಲ್ ಹರಡುವುದಿಲ್ಲ. ಮೂಲೆಗೆ ಬಂದಾಗ ಅದನ್ನು ಕೊಯ್ಯಬೇಕು, ಕೊಯ್ದಾಗ ಒಂದು ತುಂಡು ಗೋಡೆಗೆ ಹೋಗುತ್ತದೆ, ಇನ್ನೊಂದು ಕಸಕ್ಕೆ. ಎಷ್ಟು ಕಸಕ್ಕೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಗೋಡೆಯ ವಿಸ್ತೀರ್ಣವಲ್ಲ, ಗೋಡೆಯ ಉದ್ದವನ್ನು ಟೈಲಿನ ಉದ್ದದಿಂದ ಭಾಗಿಸಿದಾಗ ಉಳಿಯುವ ಶೇಷ. ನಮ್ಮ ಗೋಡೆ ಒಂದು ಗೇಣು ಗಿಡ್ಡವಾಗಿದ್ದರೆ ಶೇಷ ನೂರು ಮಿಲಿಮೀಟರಿಗೆ ಇಳಿಯುತ್ತಿತ್ತು, ಒಂದು ಟೈಲಿನಿಂದ ನಾಲ್ಕು ತುಂಡು ತೆಗೆಯಬಹುದಿತ್ತು. ಬಚ್ಚಲು ಒಂದು ಗೇಣು ಹೆಚ್ಚುಕಮ್ಮಿಯಾದರೆ ಎರಡು ಮೂರು ಬಾಕ್ಸಿನ ವ್ಯತ್ಯಾಸ ಬರುವುದು ಹೀಗೆ.

ಇದ್ದಿಲಿನಲ್ಲಿ ಸಾಲು ಎಣಿಸುತ್ತಿದ್ದ ಮೇಸ್ತ್ರಿಯನ್ನು ನೋಡಿ ಅಮ್ಮ ಒಳಗಿನಿಂದಲೇ, “ನಿಮ್ಮಜ್ಜನೂ ಹೀಗೇ ಎಣಿಸೋರು, ಮಾಡಿನ ಹೆಂಚು” ಎಂದರು. ನಿಜ. ನಮ್ಮ ಮನೆಯ ಮಾಡು ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಮಾಡುಗಳೆಲ್ಲ ಹುಲ್ಲು, ಸೋಗೆಗಳಿಂದ ಹೆಂಚಿಗೆ ಬಂದವು. ಆ ಹೆಂಚನ್ನು ಚದರಡಿ ಲೆಕ್ಕದಲ್ಲಿ ಕೊಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ರೀಪಿನಿಂದ ರೀಪಿಗೆ ಸಾಲು ಎಷ್ಟು, ಸಾಲಿಗೆ ಹೆಂಚು ಎಷ್ಟು ಎಂದು ಎಣಿಸಿ, ಮೂಲೆಗೋಟಿಗೆ ಬೇರೆ ಕೂಡಿಸಿ, ಗಾಡಿಯಲ್ಲಿ ಒಡೆಯುವುದಕ್ಕೆ ಇನ್ನಷ್ಟು ಸೇರಿಸಿ, “ಇಷ್ಟು ನೂರು” ಎಂದು ತರುತ್ತಿದ್ದರು. ಗೊತ್ತಿದ್ದ ಈ ವಿದ್ಯೆಯನ್ನು ಟೈಲ್ಸ್ ಬಂದ ಮೇಲೆ ನಾವು ಕೈಬಿಟ್ಟೆವು.

ಚೀಟಿಯಲ್ಲಿ ಇನ್ನೊಂದು ತಪ್ಪೂ ಇತ್ತು, ಸಣ್ಣದು, ಎಲ್ಲ ಅಂಗಡಿಯಲ್ಲೂ ಆಗುವಂಥದು. ಮಾತಿನಲ್ಲಿ ಹನ್ನೆರಡು-ಹದಿನೆಂಟು ಎನ್ನುವ ಟೈಲ್ 12 ಇಂಚು, 18 ಇಂಚು ಇರುವುದಿಲ್ಲ. ಬಾಕ್ಸಿನ ಮೇಲೆ ಅಚ್ಚಾಗಿರುವುದು 300 × 450 ಮಿಲಿಮೀಟರ್. ಅಡಿ ಎಂದರೆ 304.8 ಮಿಲಿಮೀಟರ್. ಹಾಗಾಗಿ ಟೈಲಿನ ವಿಸ್ತೀರ್ಣ ಒಂದೂವರೆ ಚದರಡಿಯಲ್ಲ, 1.45. ಆರು ಟೈಲಿನ ಬಾಕ್ಸು 9 ಚದರಡಿಯಲ್ಲ, 8.72. ಬಾಕ್ಸಿಗೆ ಕಾಲು ಚದರಡಿ ಚಿಲ್ಲರೆ ಹೋದರೆ ಏನು ಮಹಾ ಎನಿಸಬಹುದು. ಇಪ್ಪತ್ತು ಬಾಕ್ಸಿಗೆ ಐದೂವರೆ ಚದರಡಿ ದಾಟುತ್ತದೆ, ಹತ್ತಿರ ಹತ್ತಿರ ನಾಲ್ಕು ಟೈಲ್ಸ್. ತಂಗಿಯ ಮನೆಯಲ್ಲಿ ಸಾಲದೆ ಬಂದದ್ದೂ ನಾಲ್ಕೇ. ಒಂದು-ಎರಡು ಅಡಿ ಎಂದು ಮಾರುವ 300 × 600ರ ಟೈಲಿಗೂ, ಎರಡು-ಎರಡು ಎಂದು ಮಾರುವ 600 × 600ರದಕ್ಕೂ ಇದೇ ಮಾತು: ನೂರಕ್ಕೆ ಮೂರು ಕಡಿಮೆ. ಬಾಕ್ಸಿನ ಮೇಲೆ ಎಷ್ಟು ಚದರ ಮೀಟರ್ ಎಂದು ಬರೆದಿರುತ್ತಾರೆ. ಅದನ್ನು 10.764ರಿಂದ ಗುಣಿಸಿದರೆ ಬರುವುದೇ ಸರಿಯಾದ ಚದರಡಿ.

ಹತ್ತು ಪರ್ಸೆಂಟ್ ಜಾಸ್ತಿ ತೆಗೆದುಕೊಂಡರೆ ಆಯಿತಲ್ಲ ಎಂದು ಅನೇಕರು ಹೇಳುತ್ತಾರೆ. ಒಂದೇ ಬಣ್ಣದ ಗೋಡೆಗಾದರೆ ಅದು ಒಳ್ಳೆಯ ಮಾತು. ಬಾಗಿಲು ಮಾತ್ರ ಕಳೆದ 150.5 ಚದರಡಿಗೆ ಹತ್ತು ಪರ್ಸೆಂಟ್ ಸೇರಿಸಿ, 8.72ರಿಂದ ಭಾಗಿಸಿದರೆ 19 ಬಾಕ್ಸು ಬರುತ್ತದೆ, 114 ಟೈಲ್ಸ್, ನಮ್ಮ 109ಕ್ಕೆ ಸಾಕು. ಆದರೆ ನಮ್ಮ ಬಚ್ಚಲುಗಳಲ್ಲಿ ಒಂದೇ ಬಣ್ಣ ಎಲ್ಲಿದೆ? ಕೆಳಗೆ ಡಾರ್ಕ್, ಮಧ್ಯೆ ಹೂವೋ ಚಿತ್ತಾರವೋ ಇರುವ ಹೈಲೈಟರ್, ಮೇಲೆ ಲೈಟ್. ಮೂರೂ ಬೇರೆ ಬೇರೆ ಬಾಕ್ಸು. ಲೈಟ್ ಉಳಿದಿದ್ದರೆ ಹೈಲೈಟರಿನ ಕೊರತೆ ತುಂಬುವುದಿಲ್ಲ. ಆದ್ದರಿಂದ ಎಣಿಕೆ ಒಂದಲ್ಲ, ಮೂರು.

ಅಮ್ಮ ಆರಿಸಿದ್ದು ಕೆಳಗೆ ಎರಡು ಸಾಲು ಕಾಫಿ ಬಣ್ಣ, ಅದರ ಮೇಲೆ ಒಂದು ಸಾಲು ಬಳ್ಳಿಯ ಚಿತ್ತಾರ, ಮೇಲಿನ ನಾಲ್ಕು ಸಾಲು ತಿಳಿ ಕೆನೆ. ಎರಡು ಸಾಲಿಗೆ 31 ಟೈಲ್ಸ್, ಆರು ಬಾಕ್ಸು. ಹೈಲೈಟರ್ ಒಂದೇ ಸಾಲು, ಅರ್ಧದ ತುಂಡಿಗೂ ಒಂದು ಇಡೀ ಟೈಲ್ ಕೊಯ್ಯಬೇಕು, 16. ಅದಕ್ಕೆ ಮೂರು ಬಾಕ್ಸು. ಲೈಟ್ 62, ಹನ್ನೊಂದು ಬಾಕ್ಸು. ಒಟ್ಟು ಇಪ್ಪತ್ತು. ಅಂಗಡಿಯ ಹದಿನೇಳನ್ನು ಇದೇ ಪ್ರಮಾಣದಲ್ಲಿ ಹಂಚಿದ್ದರೆ ಡಾರ್ಕ್ ಐದು, ಹೈಲೈಟರ್ ಎರಡು, ಲೈಟ್ ಹತ್ತು ಬರುತ್ತಿತ್ತು. ಮೂರರಲ್ಲೂ ಕಡಿಮೆ, ಹೈಲೈಟರಿನಲ್ಲಿ ನಾಲ್ಕು. ಬಳ್ಳಿ ಅರ್ಧ ಗೋಡೆಯಲ್ಲಿ ನಿಂತುಬಿಡುತ್ತಿತ್ತು.

ವೆಂಟಿಲೇಟರನ್ನು ಕಳೆಯಬೇಡಿ. ಕಿಟಕಿಯ ಸುತ್ತ ಟೈಲ್ಸನ್ನು ಎಲ್ ಆಕಾರಕ್ಕೆ ಕೊಯ್ಯುವಾಗ ಒಡೆಯುವುದೇ ಹೆಚ್ಚು, ಜೊತೆಗೆ ಗೋಡೆಯ ದಪ್ಪದಲ್ಲಿ ಕಾಣುವ ಒಳ ಅಂಚಿಗೂ ಟೈಲ್ಸ್ ಬೇಕು. ಸೋಪು, ಶಾಂಪೂ ಇಡುವ ಗೂಡಿನ ಕಥೆಯೂ ಅಷ್ಟೆ. ಗೋಡೆಯಲ್ಲಿ ಗೂಡು ಕೊರೆದರೆ ಅಷ್ಟು ಟೈಲ್ಸ್ ಉಳಿಯಿತು ಎಂದುಕೊಳ್ಳುತ್ತೇವೆ. ನಮ್ಮದು ಸರಿಯಾಗಿ ಒಂದು ಟೈಲಿನ ಅಳತೆಯ ಗೂಡು, ನಾಲ್ಕಿಂಚು ಆಳ. ಮುಂದಿನಿಂದ ಒಂದು ಟೈಲ್ ಉಳಿಯಿತು, ಅದು ಗೂಡಿನ ಹಿಂಬದಿಗೆ ಹೋಯಿತು. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಪಟ್ಟಿಗೆ ಇನ್ನೆರಡು ಟೈಲ್ಸ್ ಕೊಯ್ಯಬೇಕಾಯಿತು. ಅಂದರೆ ಗೂಡು ಟೈಲ್ಸ್ ಉಳಿಸಲಿಲ್ಲ, ತಿಂದಿತು. ಷವರಿನ ನೀರು ಹೊರಗೆ ಬಾರದಂತೆ ಕಟ್ಟುವ ಕಟ್ಟೆಯೂ ಹಾಗೆಯೇ. ನಾಲ್ಕಿಂಚು ಎತ್ತರ, ನಾಲ್ಕಿಂಚು ಅಗಲದ ಐದಡಿ ಕಟ್ಟೆಗೆ ಒಳಮೈ, ಹೊರಮೈ, ಮೇಲ್ಮೈ ಸೇರಿ ಐದು ಚದರಡಿ ಬೇಕು. ನಾವು ಕಟ್ಟೆ ಕಟ್ಟಿಸಲಿಲ್ಲ. ವಯಸ್ಸಾದವರು ಓಡಾಡುವ ಬಚ್ಚಲಿನಲ್ಲಿ ಕಾಲಿಗೆ ತಾಗುವ ಕಟ್ಟೆ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಲಕ್ಕೆ ಸರಿಯಾದ ವಾಟ ಕೊಟ್ಟರೆ ನೀರು ತಾನಾಗಿ ನಹಣಿ ಟ್ರ್ಯಾಪಿಗೆ ಹರಿಯುತ್ತದೆ.

ನೆಲದ ಲೆಕ್ಕ ಪೂರ್ತಿ ಬೇರೆ. ಗೋಡೆಯ ಟೈಲ್ಸನ್ನು ನೆಲಕ್ಕೆ ಹಾಕುವ ಹಾಗಿಲ್ಲ. ಅದು ಹಗುರವಾದ, ಸಣ್ಣ ರಂಧ್ರಗಳಿರುವ ಮಣ್ಣಿನದು, ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಹೀರುತ್ತದೆ. ಸಿಮೆಂಟಿನಲ್ಲಿ ಕೂರಿಸುವ ಮೊದಲು ಮೇಸ್ತ್ರಿಗಳು ಬಕೆಟ್ಟಿನಲ್ಲಿ ನೆನೆಹಾಕುವುದು ಅದಕ್ಕೇ. ಮೇಲಿನ ನುಣುಪು ಹೊಳಪು ಒದ್ದೆ ಕಾಲಿಗೆ ಅಪಾಯ. ನೆಲಕ್ಕೆ ಒರಟು ಮೈಯ, ಜಾರದ ಟೈಲ್ಸ್ ಬೇಕು. ನಾವು ತಂದದ್ದು 300 × 300. ಚಿಕ್ಕದನ್ನು ಆರಿಸಿದ್ದು ಬೇಕೆಂದೇ, ದೊಡ್ಡ ಟೈಲ್ ವಾಟಕ್ಕೆ ಬಾಗುವುದಿಲ್ಲ.

ಇಲ್ಲಿ ಮೇಸ್ತ್ರಿ ಒಂದು ಸೂಕ್ಷ್ಮ ತೋರಿಸಿದರು. ಏಳಡಿಯನ್ನು 302ರಿಂದ ಭಾಗಿಸಿದರೆ ಏಳು ಟೈಲ್ಸ್ ಕೂತು ಇಪ್ಪತ್ತು ಮಿಲಿಮೀಟರ್ ಉಳಿಯುತ್ತದೆ. ಎಂಟನೆಯ ಸಾಲಿಗೆ ಬೆರಳಗಲದ ಐದು ಪಟ್ಟಿ ಕೊಯ್ಯಬೇಕು, ನೋಡಲೂ ಅಸಹ್ಯ. ಆದರೆ ಮೊದಲು ಗೋಡೆಗೆ ಟೈಲ್ಸ್ ಏರುತ್ತದೆ. ಹಿಂದಿನ ಸಿಮೆಂಟೂ ಸೇರಿ ಒಂದೊಂದು ಬದಿಗೆ ಇಪ್ಪತ್ತು ಮಿಲಿಮೀಟರ್ ದಪ್ಪ, ಎರಡು ಬದಿಗೆ ನಲವತ್ತು. ಅದನ್ನು ಕಳೆದರೆ ಉದ್ದಕ್ಕೆ ಏಳೇ ಸಾಲು, ಅಗಲಕ್ಕೆ ಐದು. 35 ಟೈಲ್ಸ್. ಟ್ರ್ಯಾಪಿನ ಕಡೆಗೆ ನಾಲ್ಕು ದಿಕ್ಕಿನಿಂದ ವಾಟ ಬರಬೇಕಾದ ಜಾಗದಲ್ಲಿ ಟೈಲ್ಸನ್ನು ಮೂಲೆಯಿಂದ ಮೂಲೆಗೆ ಕೊಯ್ಯಬೇಕು; ಅದಕ್ಕೆ ಆರು ಸೇರಿಸಿದರು. 41. ಬಾಕ್ಸಿಗೆ ಹತ್ತು, ಆದ್ದರಿಂದ ಒಂದು ಟೈಲಿಗಾಗಿ ಐದನೆಯ ಬಾಕ್ಸು.

ಇದೆಲ್ಲ ಕೂಡಿಬರಬೇಕಾದರೆ ಅಳತೆ ಸರಿಯಾದ ಹೊತ್ತಿನಲ್ಲಿ ತೆಗೆಯಬೇಕು. ನಮ್ಮದು ಜಂಬಿಟ್ಟಿಗೆಯ ಗೋಡೆ, ಹಳೇ ಗಾರೆ. ಒಡೆಯುವ ಮೊದಲು ಉದ್ದ ಏಳಡಿ ಎರಡಿಂಚು ಇತ್ತು. ತೂಗುಗುಂಡು ಬಿಟ್ಟು ನೋಡಿದರೆ ಒಂದು ಗೋಡೆ ಮೇಲಕ್ಕೆ ಹೋಗುತ್ತಾ ಒಂದಿಂಚು ಹೊರಗೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಲು ಗಾರೆ ದಪ್ಪ ಮೆತ್ತಿದ ಮೇಲೆ ಏಳಡಿಗೆ ಬಂತು. ಮೂಲೆಮಟ್ಟ ಇಟ್ಟು ಮೂಲೆಗಳನ್ನೂ ನೋಡಬೇಕು. ಒಂದು ಗೋಡೆಯಲ್ಲಿ ಮೂರಡಿಗೆ, ಪಕ್ಕದ ಗೋಡೆಯಲ್ಲಿ ನಾಲ್ಕಡಿಗೆ ಗುರುತು ಹಾಕಿ, ಎರಡರ ನಡುವಿನ ಕರ್ಣ ಐದಡಿ ಬಂದರೆ ಮೂಲೆ ನೇರವಾಗಿದೆ ಎಂದರ್ಥ. ಹಳೇ ಮನೆಯವರು ಒಡೆಯುವ ಮೊದಲೇ ಅಳೆದು ಟೈಲ್ಸ್ ತಂದುಬಿಡುತ್ತಾರೆ. ಗಾರೆ ಒಣಗಿದ ಮೇಲೆ, ವಾಟರ್‌ಪ್ರೂಫಿಂಗ್ ಆಗಿ ನೀರು ನಿಲ್ಲಿಸಿ ನೋಡಿದ ಮೇಲೆ, ಕೆಳಗೆ, ಮಧ್ಯೆ, ಮೇಲೆ ಮೂರು ಕಡೆ ಟೇಪು ಹಿಡಿದು, ದೊಡ್ಡದಾಗಿ ಬಂದ ಅಳತೆಯನ್ನೇ ಬರೆದುಕೊಂಡು ಹೋಗಿ.

ಈಗ ಎಲ್ಲರಿಗೂ ಎರಡು-ನಾಲ್ಕು ಅಡಿಯ ದೊಡ್ಡ ಟೈಲ್ಸ್ ಮೇಲೆ ಆಸೆ. ಸಂದು ಕಡಿಮೆ, ಒರೆಸಲು ಸುಲಭ, ನಿಜ. ಬಾಕ್ಸಿಗೆ ಎರಡೇ ಬರುವ ಆ ಟೈಲ್ ಒಂದೊಂದೂ 7.75 ಚದರಡಿ. ನಲ್ಲಿಗೆ ತೂತು ಕೊರೆಯುವಾಗ ಒಂದು ಬಿರಿಯಿತೆಂದರೆ ನಮ್ಮ ಟೈಲ್ಸಿನ ಲೆಕ್ಕದಲ್ಲಿ ಐದು ಹೋದ ಹಾಗೆ. ಐದಡಿ ಬಚ್ಚಲಿಗೆ ಅದು ಬೇಡ ಎಂದೇ ನಾನು ಹೇಳುವುದು.

ಬ್ಯಾಚಿನ ವಿಷಯ ಹೇಳದೆ ಈ ಲೆಕ್ಕ ಪೂರ್ತಿಯಾಗದು. ನಮ್ಮ ದೇಶದ ಟೈಲ್ಸಿನ ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ ತಯಾರಾಗುತ್ತದೆ. ಸಾವಿರ ಡಿಗ್ರಿ ದಾಟಿದ ಗೂಡಿನಲ್ಲಿ ಸುಟ್ಟು, ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಕುಂಬಾರನ ಆವಿಗೆಯಲ್ಲಿ ಒಂದೇ ಮಣ್ಣಿನ ಎರಡು ಮಡಕೆ ಎರಡು ಬಣ್ಣಕ್ಕೆ ತಿರುಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಯಂತ್ರ ಎಷ್ಟೇ ನಿಖರವಾಗಿದ್ದರೂ ಮಣ್ಣಿನ ಮಿಶ್ರಣ, ಬಣ್ಣ, ಉರಿ ಎಳ್ಳಷ್ಟು ಬದಲಾದರೆ ಛಾಯೆ ಬದಲಾಗುತ್ತದೆ, ಅಳತೆಯಲ್ಲೂ ಕೂದಲೆಳೆ ವ್ಯತ್ಯಾಸ ಬರುತ್ತದೆ. ಅದಕ್ಕೇ ಬಾಕ್ಸಿನ ಬದಿಯಲ್ಲಿ ಡಿಸೈನ್ ನಂಬರಿನ ಜೊತೆ ಬ್ಯಾಚು, ಶೇಡ್ ಅಚ್ಚು ಮಾಡಿರುತ್ತಾರೆ. ಡಿಸೈನ್ ಒಂದೇ ಆದರೆ ಸಾಲದು, ಆ ಎರಡೂ ಒಂದೇ ಆಗಿರಬೇಕು. ನಾವು ಗಾಡಿಗೆ ಹೇರುವ ಮೊದಲು ಪ್ರತಿ ಬಾಕ್ಸಿನ ಚೀಟಿ ಓದಿದೆವು. ಲೈಟಿನಲ್ಲಿ ಎರಡು ಬಾಕ್ಸಿನ ಶೇಡ್ ಬೇರೆ ಇತ್ತು. ಒಂದೊಂದು ಟೈಲ್ ಹೊರತೆಗೆದು ಅಂಗಡಿಯ ಮುಂದಿನ ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ತಂಗಿಯ ಮನೆಯ ಮೂಲೆಯೇ ಕಂಡಂತಾಯಿತು. ಅಂಗಡಿಯವರು ಗೋದಾಮಿನಿಂದ ತರಿಸಿ ಬದಲಿಸಿಕೊಟ್ಟರು. ಒಳಗಿನ ಟ್ಯೂಬ್‌ಲೈಟಿನಲ್ಲಿ ಆ ವ್ಯತ್ಯಾಸ ಕಾಣುತ್ತಿರಲಿಲ್ಲ.

ಲೈಟ್ ಹನ್ನೊಂದು ಬಾಕ್ಸು ಎಂದು ಎಣಿಸಿದ್ದರೂ ತಂದದ್ದು ಹನ್ನೆರಡು. ಗೂಡಿಗೆ ಎರಡು ಹೋದ ಮೇಲೆ ಕೈಯಲ್ಲಿ ಎರಡೇ ಉಳಿಯುತ್ತಿತ್ತು, ಷವರಿಗೆ, ಗೀಸರಿಗೆ, ಹಿಡಿಕೆಗೆ ತೂತು ಕೊರೆಯುವುದೆಲ್ಲ ಆ ಲೈಟ್ ಸಾಲುಗಳಲ್ಲೇ. ತೆರೆಯದ ಬಾಕ್ಸನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಂಡೆವು. ವಾಪಸ್ ಕೊಡುವ ಪ್ರಸಂಗ ಬರಲಿಲ್ಲ. ತೂತು ಕೊರೆಯುವಾಗ ಲೈಟಿನಲ್ಲಿ ಎರಡು, ಡಾರ್ಕಿನಲ್ಲಿ ಒಂದು ಬಿರಿದವು.

ಜನವರಿಯಲ್ಲಿ ಗೀಸರಿನ ಹಿಂದಿನ ಪೈಪು ಸೋರಿ, ಗೋಡೆ ಒಡೆದು ಎರಡು ಟೈಲ್ಸ್ ತೆಗೆಯಬೇಕಾಯಿತು. ಅಟ್ಟದಿಂದ ಎರಡು ಇಳಿಸಿ ಕೂರಿಸಿದರು. ಯಾವುವು ಹೊಸವು ಎಂದು ಈಗ ಕೇಳಿದರೆ ನನಗೂ ಗೊತ್ತಾಗುವುದಿಲ್ಲ. ಲೈಟ್ ನಾಲ್ಕು, ಡಾರ್ಕ್ ನಾಲ್ಕು, ಹೈಲೈಟರ್ ಎರಡು, ನೆಲದವು ಒಂಬತ್ತು ಇನ್ನೂ ಅಟ್ಟದಲ್ಲಿವೆ, ಬ್ಯಾಚ್ ಚೀಟಿಯಿರುವ ಬಾಕ್ಸಿನಲ್ಲೇ, ನಿಲ್ಲಿಸಿ ಇಟ್ಟಿದ್ದೇವೆ.